ತಾನಾಗಿ ಬಿದ್ದ ಲಾಳ

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಕುದುರೆ ಲಾಳ ಬಿದ್ದುಕೊಂಡಿದೆ. ಮನೆಗೆ ಬಂದವರಲ್ಲಿ ಎತ್ತರದವರಿದ್ದರೆ ಅವರ ಕಣ್ಣಿಗೆ ಅದು ಕಂಡೇ ಕಾಣುತ್ತದೆ, "ಇದ್ಯಾಕ್ರೀ ಇಲ್ಲಿ?" ಎಂದು ಕೇಳಿಯೇ ಕೇಳುತ್ತಾರೆ. "ಡೆಕೊರೇಶನ್" ಎನ್ನುತ್ತೇನೆ. ಸುಳ್ಳಲ್ಲ, ಅದು ಬಂದ ಪೆಟ್ಟಿಗೆಯ ಮೇಲೂ ಹಾಗೆಯೇ ಬರೆದಿತ್ತು. ಆ ಲಾಳ ತನ್ನ ಜನ್ಮದಲ್ಲಿ ಒಂದು ಕುದುರೆಯನ್ನೂ ಕಂಡಿಲ್ಲ. ಚೀನಾದ ಯಾವುದೋ ಕಾರ್ಖಾನೆಯಲ್ಲಿ ತಯಾರಾಗಿ, ಹಡಗು ಹತ್ತಿ ಬಂದು, ಶಾಮ್‌ಬರ್ಗಿನ ನಮ್ಮ ಬಾಗಿಲಿಗೆ ಮುಟ್ಟಿ, ನಮ್ಮ ಅಕ್ಕನ ಕೈಯಲ್ಲಿ ಉಗಿಸಿಕೊಂಡು ಫ್ರಿಜ್ಜಿನ ಮೇಲೆ ಹತ್ತಿ ಕೂತಿದೆ. "ಇದಕ್ಕ ಶನಿ ಒತ್ತಟ್ಟಿಗಿರ್ಲಿ, ಇರಿವಿನೂ ಅಂಜಾಂಗಿಲ್ಲ" ಅಂದಿದ್ದಳು ಅಕ್ಕ.

ಅಕ್ಕನ ಪರಿಚಯ ಮೊದಲೇ ಮಾಡಿಕೊಡುವುದು ಒಳ್ಳೆಯದು. ಡಾಕ್ಟರ್ ಗಂಗಾ, ಆನ್ ಆರ್ಬರಿನಲ್ಲಿ ಹೃದಯದ ತಜ್ಞೆ. ಜನರ ರಕ್ತನಾಳದೊಳಗೆ ಸಣ್ಣ ತಂತಿ ತೂರಿಸಿ ಕಟ್ಟಿಕೊಂಡದ್ದನ್ನು ಬಿಡಿಸುವುದು ಅವಳ ನಿತ್ಯದ ಕೆಲಸ. ಬಿಳಿ ಕೋಟು ಮೈಮೇಲಿರುವಾಗ ಪುರಾವೆ ಇಲ್ಲದೆ ಒಂದು ಮಾತ್ರೆಯನ್ನೂ ಬರೆಯುವವಳಲ್ಲ. ಔಷಧಿ ಕಂಪನಿಯವರು ಹೊಸ ಗುಳಿಗೆ ಹಿಡಿದುಕೊಂಡು ಬಂದರೆ ಅವರನ್ನು ಅಡ್ಡಡ್ಡ ಪ್ರಶ್ನೆ ಕೇಳಿ ಬೆವರಿಳಿಸಿ ಕಳಿಸುತ್ತಾಳಂತೆ. ಅದೇ ಅಕ್ಕ ಕೋಟು ಕಳಚಿ ಕಾರು ಹತ್ತಿದಳೆಂದರೆ ಬಾಗಲಕೋಟೆಯ ನಮ್ಮ ಅಜ್ಜಿ ಅವಳ ಮೈಮೇಲೆ ಬರುತ್ತಾಳೆ. ಶನಿವಾರ ಉಗುರು ತೆಗೆಯುವಂತಿಲ್ಲ, ಎಣ್ಣೆ ಕೊಳ್ಳುವಂತಿಲ್ಲ, ಹೊಸ ಬಟ್ಟೆ ಹಾಕುವಂತಿಲ್ಲ. ಎರಡೂ ಒಂದೇ ತಲೆಯಲ್ಲಿ ಹೇಗೆ ಹಿಡಿಸುತ್ತವೆ ಎಂದು ಕೇಳಿದರೆ, "ಹೃದಯಕ್ಕ ನಾಲ್ಕು ಕೋಣಿ ಅದಾವೋ, ತಲೀಗೂ ಇರಬಾರದೇನು?" ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ.

ಒಂದು ದಿನ ಕೆಲಸದ ನಡುವೆ ಅವಳ ಫೋನು ಬಂತು.

"ಈರಾ, ಅನೂನ ಜಾತಕ ತೋರಿಸಿದೆ. ಸಾಡೇಸಾತಿ ನಡದೇತಿ. ಅದಕ್ಕ ನೋಡು, ಎಲ್ಲಾ ಕಡೆ ಅಡ್ಡಗಾಲು."

"ಯಾರಿಗೆ ತೋರಿಸಿದಿ?"

"ಆನ್‌ಲೈನ್ ಒಬ್ಬರು ಅದಾರ. ರೇಟಿಂಗ್ ಛಲೋ ಐತಿ."

ಅನು ಅಂದರೆ ಅನಘಾ, ನಮ್ಮ ಒಬ್ಬಳೇ ಮಗಳು. ಶನಿ ಅವಳನ್ನು ಯಾಕೆ ಹಿಡಿದ ಎಂದು ನಿಮಗೆ ಹೇಳಬೇಕು, ಹೇಳದಿದ್ದರೆ ಮುಂದಿನದೆಲ್ಲ ಹುಚ್ಚಾಟವಾಗಿ ಕಾಣುತ್ತದೆ. ಹೇಳಿದ ಮೇಲೂ ಹಾಗೆಯೇ ಕಾಣಬಹುದು, ಅದು ಬೇರೆ ಮಾತು. ನಾವು ಈ ದೇಶಕ್ಕೆ ಬಂದಾಗ ಅನುಗೆ ಎರಡು ವರ್ಷ. ನನ್ನ ಕಂಪನಿಯವರು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದಾಗ ಕಿಂಡರ್‌ಗಾರ್ಟನ್. ಭಾರತದಲ್ಲಿ ಹುಟ್ಟಿದವರಿಗೆ ಇಲ್ಲಿ ಬೇರೆಯೇ ಒಂದು ಸಾಲಿದೆ, ಬಹಳ ಶಾಂತವಾದ ಸಾಲು, ಯಾಕೆಂದರೆ ಅದು ಅಲ್ಲಾಡುವುದೇ ಇಲ್ಲ. ಮಕ್ಕಳು ಅಪ್ಪನ ಅರ್ಜಿಯ ಚುಂಗು ಹಿಡಿದು ಆ ಸಾಲಿನಲ್ಲಿ ನಿಲ್ಲಬಹುದು, ಆದರೆ ಇಪ್ಪತ್ತೊಂದು ತುಂಬುವವರೆಗೆ ಮಾತ್ರ. ತುಂಬಿದ ದಿನ ಚುಂಗು ಬಿಡಬೇಕು. ಆಮೇಲೆ ಸ್ವಂತಕ್ಕೊಂದು ವೀಸಾ ಹುಡುಕಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅನುಗೆ ಬರುವ ಸೆಪ್ಟೆಂಬರಿಗೆ ಇಪ್ಪತ್ತೊಂದು. ಈ ದೇಶದ ಐವತ್ತೂ ರಾಜ್ಯಗಳ ರಾಜಧಾನಿಗಳನ್ನು ಒಂದೇ ಉಸಿರಿಗೆ ಹೇಳುವ ಹುಡುಗಿ ಬಾಗಲಕೋಟೆಯಲ್ಲಿ ಆಟೋದವನಿಗೆ ದಾರಿ ಹೇಳಲಾರಳು. ಆದರೂ ಕಾಗದದ ಪ್ರಕಾರ ಅವಳು ಅಲ್ಲಿಯವಳು.

ಅಕ್ಕ ಎಂದೋ ಬಂದವಳು, ಸಿಟಿಜನ್ ಆಗಿದ್ದಾಳೆ. "ನೀ ತಮ್ಮಗ ಏನೂ ಮಾಡಾಕ ಬರೂದಿಲ್ಲೇನು?" ಎಂದು ಊರಿನವರು ಅವಳನ್ನು ಕೇಳುತ್ತಾರೆ. ಮಾಡಿದ್ದಾಳೆ. ತಮ್ಮಂದಿರಿಗೆಂದೇ ಇನ್ನೊಂದು ಸಾಲಿದೆ. ಅದು ಮೊದಲಿನದಕ್ಕಿಂತ ಶಾಂತ.

ಹೀಗಾಗಿ ವಕೀಲರು ಕೈ ಚೆಲ್ಲಿದ್ದರು, ಕಂಪನಿಯವರು ಸಹಾನುಭೂತಿ ತೋರಿಸಿದ್ದರು, ನಮ್ಮ ಕಡೆಯ ದೇವಸ್ಥಾನದಲ್ಲಿ ನವಗ್ರಹಗಳ ಮುಂದೆ ಎಳ್ಳೆಣ್ಣೆ ದೀಪವೂ ಆಗಿತ್ತು. ಆ ದೀಪದ ಹೊಗೆ ಫೈರ್ ಅಲಾರಮ್ಮಿಗೆ ಆಗಿಬರುವುದಿಲ್ಲವೆಂದು ಅರ್ಚಕರು ಅದನ್ನು ಪಾರ್ಕಿಂಗ್ ಲಾಟಿನ ಬದಿಗೆ ಹಚ್ಚಿಸಿದರು. ಶನಿದೇವರು ಅಷ್ಟು ದೂರ ಕತ್ತು ತಿರುಗಿಸಿ ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ. ಉಳಿದದ್ದು ಲಾಳ. ಅಕ್ಕ ಫೋನಿನಲ್ಲಿ ಅದರ ವಿವರ ಕೊಟ್ಟಳು. "ಕರೀ ಕುದರೀದು ಆಗಿರ್ಬೇಕು. ತಾನಾಗೇ ಬಿದ್ದಿರ್ಬೇಕು. ಕಿತ್ತಿದ್ದು ನಡಿಯಾಂಗಿಲ್ಲ, ಕೊಂಡಿದ್ದಂತೂ ನಡಿಯಾಂಗೇ ಇಲ್ಲ. ತಂದು ತಲಬಾಗಿಲಿಗೆ ಬಡದಬಿಡು."

ನಾವು ಸಣ್ಣವರಿದ್ದಾಗ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಬಾಗಲಕೋಟೆಯ ಸ್ಟೇಶನ್ ರಸ್ತೆಯಲ್ಲಿ ಟಾಂಗಾಗಳು ಸಾಲಾಗಿ ನಿಂತಿರುತ್ತಿದ್ದವು. ಕುದುರೆ ಲದ್ದಿ, ಒದ್ದೆ ಹುಲ್ಲು, ಬೀಡಿ, ಇವು ಮೂರೂ ಕೂಡಿದ ವಾಸನೆ ಅಲ್ಲಿ. ಟಾಂಗಾದಲ್ಲಿ ಮಕ್ಕಳಿಗೆ ಸಿಗುತ್ತಿದ್ದದ್ದು ಹಿಂದಿನ ಸೀಟು. ಕಾಲು ಇಳಿಬಿಟ್ಟು ಕೂತರೆ ಬಿಟ್ಟುಬಂದ ರಸ್ತೆ ಮಾತ್ರ ಕಾಣುತ್ತಿತ್ತು, ಹೋಗುತ್ತಿರುವ ರಸ್ತೆ ಕಾಣುತ್ತಿರಲಿಲ್ಲ. ನಾವು ಯಾವಾಗಲೂ ಹತ್ತುತ್ತಿದ್ದ ಟಾಂಗಾದ ಕುದುರೆಗೆ ಒಂದು ಚಟವಿತ್ತು, ಒಂದು ಚಹದಂಗಡಿಯ ಮುಂದೆ ತಾನಾಗಿ ನಿಂತುಬಿಡುತ್ತಿತ್ತು. ಯಜಮಾನ ಚಹ ಕುಡಿದು ಬರುವವರೆಗೆ ಹೊಡೆದರೂ ಕದಲುತ್ತಿರಲಿಲ್ಲ. ಅಜ್ಜಿಯ ಮನೆಯ ತಲೆಬಾಗಿಲಿಗೆ ಅಂಥ ಟಾಂಗಾ ಕುದುರೆಯದೇ ಲಾಳ, ತುಕ್ಕು ಹಿಡಿದು, ಮೇಲೆ ಅರಿಷಿಣ ಕುಂಕುಮ ಬಳಿಸಿಕೊಂಡು ಇತ್ತು. ಶನಿಯ ಕಾಟ ಆ ಮನೆಗೆ ತಟ್ಟಲಿಲ್ಲವೆಂದು ಅಜ್ಜಿ ಕೊನೆಯವರೆಗೂ ಹೇಳಿದಳು. ನಿಜವಿರಬಹುದು. ಆಮೇಲೆ ಅಣೆಕಟ್ಟೆಯ ಹಿನ್ನೀರು ಬಂದು ಬಾಗಿಲು, ಲಾಳ, ಓಣಿ ಎಲ್ಲವನ್ನೂ ಮುಳುಗಿಸಿತು. ಶನಿಯನ್ನು ತಡೆದ ಲಾಳಕ್ಕೆ ನೀರಾವರಿ ಇಲಾಖೆಯನ್ನು ತಡೆಯುವುದು ಆಗಲಿಲ್ಲ.

ಲಾಳ ಹುಡುಕುವ ಜವಾಬ್ದಾರಿ ನನ್ನ ತಲೆಗೆ ಬಂತು. ಮೊದಲು ತರಿಸಿದ್ದು ಫ್ರಿಜ್ಜಿನ ಮೇಲಿನದು. ಅದು ಫೇಲಾದ ಮೇಲೆ ಬ್ಯಾರಿಂಗ್ಟನ್ ಕಡೆಯ ಒಂದು ಕುದುರೆ ಫಾರ್ಮಿಗೆ ಹೋದೆ. ಅಲ್ಲಿಯ ಕುದುರೆಗಳ ಲಾಯ ನಮ್ಮ ಟೌನ್‌ಹೌಸಿಗಿಂತ ದೊಡ್ಡದು, ಅವುಗಳ ಹುಲ್ಲು ನಮ್ಮ ಸೊಪ್ಪಿಗಿಂತ ತಾಜಾ. ಫಾರ್ಮಿನ ಹೆಂಗಸು ಪುಣ್ಯಾತ್ಗಿತ್ತಿ, ಹಳೆಯ ಲಾಳಗಳ ಬಕೆಟ್ಟನ್ನೇ ತಂದು ನನ್ನ ಮುಂದಿಟ್ಟು "ಎಷ್ಟು ಬೇಕೋ ತಗೊಳ್ಳಿ" ಅಂದಳು. ವಿಡಿಯೋ ಕಾಲಿನಲ್ಲಿದ್ದ ಅಕ್ಕ ಒಳಗಿನಿಂದ, "ಕಿತ್ತಿದ್ದೋ ಬಿದ್ದಿದ್ದೋ ಕೇಳು" ಅಂದಳು. ಕೇಳಿದೆ. "ನಮ್ಮಲ್ಲಿ ಬೀಳುವುದಕ್ಕೆ ಬಿಡುವುದಿಲ್ಲ, ಅಷ್ಟರೊಳಗೆ ತೆಗೆಸಿ ಹೊಸದು ಹಾಕಿಸುತ್ತೇವೆ" ಎಂದು ಆಕೆ ಹೆಮ್ಮೆಯಿಂದ ಹೇಳಿದಳು. ಬಕೆಟ್ಟು ತುಂಬ ಲಾಳ ಎದುರಿಗಿದ್ದೂ ಬರಿಗೈಯಲ್ಲಿ ಹಿಂದಿರುಗಿದೆ.

ಆ ವಾರವೇ ಅಕ್ಕ ಒಂದು ವಿಡಿಯೋ ಕಳಿಸಿದಳು. ವಿಸ್ಕಾನ್ಸಿನ್, ಮಿನೆಸೋಟ ದಾಟಿ ಇನ್ನೂ ಪಡುವಣಕ್ಕೆ ಹೋದರೆ ಒಂದು ರಾಷ್ಟ್ರೀಯ ಉದ್ಯಾನವಿದೆ. ಹೆಸರು ಹೇಳುವುದಿಲ್ಲ, ಯಾಕೆಂದು ಸ್ವಲ್ಪದರಲ್ಲೇ ತಿಳಿಯುತ್ತದೆ. ಅಲ್ಲಿ ಕಾಡುಕುದುರೆಗಳನ್ನು ಮತ್ತೆ ತಂದು ಬಿಟ್ಟಿದ್ದಾರೆ, ಮಂದೆ ಮಂದೆಯಾಗಿ ಗುಡ್ಡಗಳಲ್ಲಿ ತಿರುಗಾಡುತ್ತವೆ, ಅವುಗಳಲ್ಲಿ ಕಪ್ಪು ಕುದುರೆಗಳೂ ಇವೆ.

"ನೋಡಿದೇನು? ದಿನಾ ಗುಡ್ಡಾ ಹತ್ತಿ ಇಳೀತಾವ. ಬಿದ್ದದ್ದನ್ನ ಯಾರೂ ಆರಿಸಾಂಗಿಲ್ಲ. ಎಲ್ಲಾ ಅಲ್ಲೇ ಬಿದ್ದಿರ್ತಾವು" ಅಂದಳು ಅಕ್ಕ.

ಹೇಳಿದ್ದು ಸರಿಯಾಗಿಯೇ ಕಂಡಿತು. ನಾನು ಇಂಜಿನಿಯರು. ಕುದುರೆಗೆ ನಾಲ್ಕು ಕಾಲು, ಅಂದರೆ ಒಂದೊಂದು ಕುದುರೆಯಿಂದ ನಾಲ್ಕು ಅವಕಾಶ ಎಂದು ಮೊದಲ ಲೆಕ್ಕ ಹಾಕಿದೆ. ಸ್ಯಾಟಲೈಟ್ ನಕ್ಷೆ ತೆರೆದು ಕುದುರೆಗಳು ನೀರಿಗಿಳಿಯುವ ಜಾಗಗಳನ್ನು ಗುರುತು ಮಾಡಿದೆ. ಕೆಸರಿನಲ್ಲಿ ಕಾಲು ಕೀಳುವಾಗ ಲಾಳ ಸಡಿಲವಾಗುವ ಸಂಭವ ಹೆಚ್ಚಲ್ಲವೇ? ನನ್ನ ಹೆಂಡತಿ ಪದ್ಮಿನಿ ಮೈಸೂರಿನವಳು, ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ತುಕ್ಕು ಹಿಡಿದ ಕಬ್ಬಿಣ ಯಾವ ಬಣ್ಣದ ಮಣ್ಣಿನಲ್ಲಿ ಎದ್ದು ಕಾಣುತ್ತದೆ ಎಂದು ಅವಳೂ ತನ್ನ ವಿದ್ಯೆಯನ್ನು ಧಾರೆ ಎರೆದಳು. ಮೂರು ಜನ ಓದಿದವರು ಕೂತು ಇಷ್ಟೆಲ್ಲ ಯೋಚಿಸಿದೆವು. ಯಾವುದನ್ನು ಯೋಚಿಸಬೇಕಿತ್ತೋ ಅದೊಂದು ಬಿಟ್ಟು.

ಆಮೇಲೆ ಕಾನೂನಿನ ಪ್ರಶ್ನೆ ಎದ್ದಿತು. ರಾಷ್ಟ್ರೀಯ ಉದ್ಯಾನದಿಂದ ಕಲ್ಲು, ಹೂವು, ಮೂಳೆ ಏನನ್ನೂ ಹೊರಗೆ ಒಯ್ಯುವಂತಿಲ್ಲ. ಒಯ್ದರೆ ಅಪರಾಧ, ಅದೂ ಕೇಂದ್ರ ಸರ್ಕಾರದ ಅಪರಾಧ. ಹೆಸರು ಹೇಳುವುದಿಲ್ಲ ಅಂದದ್ದು ಇದಕ್ಕೇ.

"ರೀ, ಯಾವತ್ತಾದ್ರೂ ಅಪರಾಧ ಮಾಡಿದ್ದೀರಾ ಅಂತ ಗ್ರೀನ್ ಕಾರ್ಡ್ ಇಂಟರ್‌ವ್ಯೂನಲ್ಲಿ ಕೇಳ್ತಾರಲ್ವಾ?" ಅಂದಳು ಪದ್ಮಿನಿ.

"ಕೇಳ್ತಾರ."

"ಗ್ರೀನ್ ಕಾರ್ಡ್ ಬರ್ಲಿ ಅಂತ ಮಾಡಿದ್ವಿ ಅಂತ ಹೇಳ್ಬಹುದಾ?"

ಸ್ಪೀಕರಿನಲ್ಲಿದ್ದ ಅಕ್ಕ ತೀರ್ಪು ಕೊಟ್ಟಳು. "ಅದು ಕಬ್ಬಣಾ. ಕಬ್ಬಣಾ ಅಂದ್ರ ಕಸ. ಕಸಾ ಆರಿಸಿದ್ರ ಅಪರಾಧ ಅಲ್ಲ, ಸೇವಾ."

ಸೇವೆಯನ್ನು ಮುಚ್ಚಿಡಲು ಪದ್ಮಿನಿ ದೊಡ್ಡ ಸ್ಟೀಲ್ ಡಬ್ಬಿ ತೆಗೆದಳು. ಹೋಗುವಾಗ ಅದರಲ್ಲಿ ಪುಳಿಯೋಗರೆ, ಬರುವಾಗ ಪುಳಿಯೋಗರೆಯ ಕೆಳಗೆ ಲಾಳ. ಲಾಳಕ್ಕೆ ಎಷ್ಟು ಪುಳಿಯೋಗರೆ ಉಳಿಸಬೇಕೆಂದು ಅವಳು ಮೊದಲೇ ಅಂದಾಜು ಮಾಡಿದ್ದಳು.

ಅನುಗೆ ಮಾತ್ರ ಇದಾವುದನ್ನೂ ಹೇಳಲಿಲ್ಲ. ಮನೆಯಲ್ಲಿ ವೀಸಾದ ಸುದ್ದಿ ತೆಗೆದರೆ ಅವಳು ಎದ್ದು ಹೋಗುತ್ತಾಳೆ. "ಫ್ಯಾಮಿಲಿ ಟ್ರಿಪ್" ಅಂದೆವು. ಅವಳಿಗೂ ಬಿಡುವಿತ್ತು. ಆನ್ ಆರ್ಬರಿನಲ್ಲಿ ಓದುತ್ತಿದ್ದ ಅವಳು ನಾಲ್ಕು ವರ್ಷದ ಡಿಗ್ರಿಯನ್ನು ಮೂರೇ ವರ್ಷಕ್ಕೆ ಮುಗಿಸಿ ಮೇ ತಿಂಗಳಲ್ಲಿ ಮನೆಗೆ ಬಂದಿದ್ದಳು. ಈ ಸಂಗತಿಯನ್ನು ನಾನು ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ, ಕಿರಾಣಿ ಅಂಗಡಿಯ ಕ್ಯೂನಲ್ಲಿ, ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಎಲ್ಲರಿಗೂ ಹೇಳಿದ್ದೆ. ಬುದ್ಧಿ ಯಾರದು ಬಂದಿದೆ ಎಂದು ಅವರು ಕೇಳಲಿ ಎಂಬ ಆಸೆ ನನಗೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಹೊರಟೆವು. ಅಕ್ಕ ಹಿಂದಿನ ದಿನವೇ ಆನ್ ಆರ್ಬರಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದಳು, ಜೊತೆಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ಪುಳಿಯೋಗರೆಗೂ ರೊಟ್ಟಿಗೂ ನಮ್ಮ ಮನೆಯಲ್ಲಿ ಮದುವೆಯಾದಾಗಿನಿಂದ ಒಂದು ಮೌನ ಯುದ್ಧ ನಡೆದಿದೆ, ವ್ಯಾನಿನಲ್ಲಿ ಅವೆರಡನ್ನೂ ಬೇರೆ ಬೇರೆ ಸೀಟಿನ ಕೆಳಗೆ ಇಡಬೇಕಾಯಿತು. ವಿಸ್ಕಾನ್ಸಿನ್ ಎಂದರೆ ಹಸು, ಹಸು, ಚೀಸ್ ಅಂಗಡಿ, ಮತ್ತೆ ಹಸು. ಮಿನೆಸೋಟ ಮುಗಿಯುವುದೇ ಇಲ್ಲ. ಪ್ರತಿ ಎಕ್ಸಿಟ್ಟಿನಲ್ಲೂ ಅಕ್ಕ "ಚಹಾ" ಅನ್ನುವಳು, ಕುಡಿದು "ಇದು ಚಹಾ ಅಲ್ಲ" ಅನ್ನುವಳು. ಮೋಟೆಲಿನಲ್ಲಿ ರೈಸ್ ಕುಕ್ಕರನ್ನು ಬಚ್ಚಲಿನಲ್ಲಿಟ್ಟು, ಫ್ಯಾನ್ ಹಾಕಿ, ಬಾಗಿಲು ಮುಚ್ಚಿ ಅನ್ನ ಮಾಡಿದೆವು. ಸ್ಮೋಕ್ ಅಲಾರಮ್ಮಿಗೆ ಮೋಸ ಮಾಡುವ ಈ ವಿದ್ಯೆಯಲ್ಲಿ ನಮ್ಮ ಜನರಿಗೆ ಯಾರೂ ಡಿಗ್ರಿ ಕೊಟ್ಟಿಲ್ಲ, ಕೊಡಬೇಕಿತ್ತು.

ಮರುದಿನ ಉದ್ಯಾನ ತಲುಪಿದೆವು. ಹಾಸು ಹಾಸಾಗಿ ಬಣ್ಣ ಬದಲಿಸುವ ಮಣ್ಣಿನ ಗುಡ್ಡಗಳು, ನಡುವೆ ಹಸಿರು, ಮೇಲೆ ಅಗತ್ಯಕ್ಕಿಂತ ದೊಡ್ಡ ಆಕಾಶ. ಒಂದು ತಿರುವಿನಲ್ಲಿ ಕುದುರೆಗಳು ಕಂಡವು. ಏಳೆಂಟಿದ್ದವು, ಎರಡು ಮರಿಗಳು, ಎಲ್ಲ ಮೇಯುತ್ತಿದ್ದವು. ಅನು ವ್ಯಾನಿನಿಂದಿಳಿದು ಬೇಲಿಯ ಕಂಬಕ್ಕೆ ಒರಗಿ ನಿಂತುಬಿಟ್ಟಳು. ಫೋನು ತೆಗೆಯಲಿಲ್ಲ, ಫೋಟೋ ಹೊಡೆಯಲಿಲ್ಲ. ಇಂದಿನ ಮಕ್ಕಳಲ್ಲಿ ಇದನ್ನು ಭಕ್ತಿ ಎಂದೇ ತಿಳಿಯಬೇಕು.

ನಾವು ಮೂವರು ಕುದುರೆಗಳ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಅಷ್ಟು ದೂರ ಹೋಗಿ ನೆಲ ನೋಡಿದೆವು. ಅಕ್ಕ ಎಡಕ್ಕೆ, ಪದ್ಮಿನಿ ಬಲಕ್ಕೆ, ನಾನು ನಕ್ಷೆಯಲ್ಲಿ ಗುರುತು ಹಾಕಿದ ನೀರಿನ ಕಡೆಗೆ. ನನ್ನ ಶೂ ಕೆಸರಿನಲ್ಲಿ ಹೂತು ಸಡಿಲವಾಯಿತು, ಅಂದರೆ ನನ್ನ ಸಿದ್ಧಾಂತ ಅಷ್ಟರಮಟ್ಟಿಗೆ ಸರಿಯಿತ್ತು. ಪದ್ಮಿನಿಗೆ ತುಕ್ಕು ಹಿಡಿದದ್ದು ಏನೋ ಸಿಕ್ಕಿ ಅವಳ ಮುಖ ಅರಳಿತು, ಎತ್ತಿದರೆ ಹಳೆಯ ಮುಳ್ಳುತಂತಿಯ ತುಂಡು. ಅಕ್ಕ ಕೋಲಿನಿಂದ ಲದ್ದಿ ಕೆದಕುತ್ತಿದ್ದಳು. ಅದರೊಳಗೆ ಲಾಳ ಯಾಕಿರುತ್ತದೆ ಎಂದು ನಾನು ಕೇಳಲಿಲ್ಲ, ತಜ್ಞರ ಪದ್ಧತಿ ನಮಗೆ ತಿಳಿಯುವುದಿಲ್ಲ.

"ವಾಟ್ ಡಿಡ್ ಯು ಗೈಸ್ ಲೂಸ್?" ಎಂದು ಅನು ದೂರದಿಂದ ಕೂಗಿದಳು.

"ಏನಿಲ್ಲ ಪುಟ್ಟಾ, ಸುಮ್ನೆ ವಾಕಿಂಗ್" ಅಂದಳು ಪದ್ಮಿನಿ, ಸೊಂಟ ಬಗ್ಗಿಸಿಕೊಂಡೇ.

ಅಷ್ಟರಲ್ಲಿ ಅಕ್ಕ, "ಈರಾ, ಕರೇದು" ಎಂದು ಮೆಲ್ಲಗೆ ಹೇಳಿದಳು. ದಿಬ್ಬದ ಮೇಲೆ ಒಂದು ಕಪ್ಪು ಹೆಣ್ಣು ಕುದುರೆ, ಒಂದು ಬಿಳಿ ಕೂದಲೂ ಇಲ್ಲದ ಅಚ್ಚ ಕಪ್ಪು, ಪಕ್ಕದಲ್ಲಿ ಎಳೆಯ ಪ್ರಾಯದ ಇನ್ನೊಂದು. ಅಕ್ಕ ಎರಡೂ ಕೈ ಜೋಡಿಸಿದಳು. ನಂತರ ಮೂವರೂ ಅದರ ಹಿಂಬದಿಯ ನೆಲ ಶೋಧಿಸುತ್ತ ದಿಬ್ಬ ಹತ್ತತೊಡಗಿದೆವು. ಅದು ಒಂದು ಹೆಜ್ಜೆ ಮುಂದೆ ಇಟ್ಟರೆ ನಾವು ಅದು ಬಿಟ್ಟ ಜಾಗಕ್ಕೆ ಬಗ್ಗಿದೆವು.

ಉದ್ಯಾನದ ರೇಂಜರ್ ಬಂದದ್ದು ಆಗಲೇ. ಅಗಲ ಟೊಪ್ಪಿಗೆಯ ನಡುವಯಸ್ಸಿನ ಹೆಂಗಸು, ಮಾತು ಬಹಳ ಮರ್ಯಾದೆಯದು. ಕುದುರೆಗಳಿಂದ ದೂರ ನಿಲ್ಲಬೇಕು, ಏನನ್ನೂ ಎತ್ತಬಾರದು ಎಂದು ಹೇಳಿ, "ಏನಾದರೂ ಹುಡುಕುತ್ತಿದ್ದೀರಾ?" ಎಂದು ಕೇಳಿದಳು. ಅನುವೂ ಹತ್ತಿರ ಬಂದಿದ್ದಳು. ನಾನು ಪದ್ಮಿನಿಯ ಮುಖ ನೋಡಿದೆ, ಪದ್ಮಿನಿ ಡಬ್ಬಿಯಿದ್ದ ವ್ಯಾನಿನ ಕಡೆ ನೋಡಿದಳು. ಅಕ್ಕ ಮಾತ್ರ ಜೂನಿಯರ್ ಡಾಕ್ಟರರನ್ನು ವಿಚಾರಿಸುವ ತನ್ನ ಆಸ್ಪತ್ರೆಯ ಇಂಗ್ಲಿಷಿನಲ್ಲಿ, "ಈ ಕುದುರೆಗಳ ಲಾಳ ಸಾಮಾನ್ಯವಾಗಿ ಯಾವ ಭಾಗದಲ್ಲಿ ಬೀಳುತ್ತವೆ?" ಎಂದು ಕೇಳಿಬಿಟ್ಟಳು.

ನಾವು ತಮಾಷೆ ಮಾಡುತ್ತಿದ್ದೇವೋ ಎಂದು ರೇಂಜರ್ ಮೂರೂ ಮುಖ ನೋಡಿದಳು.

"ಮೇಡಂ, ಇವು ಕಾಡುಕುದುರೆಗಳು. ಇವಕ್ಕೆ ಲಾಳ ಹೊಡೆಯುವವರು ಯಾರು?"

ಒಬ್ಬಳು ಹೃದಯ ತಜ್ಞೆ, ಒಬ್ಬಳು ರಸಾಯನಶಾಸ್ತ್ರದ ಎಂ.ಎಸ್ಸಿ., ಒಬ್ಬ ಇಂಜಿನಿಯರು. ನಮ್ಮನ್ನು ಓದಿಸಲು ನಮ್ಮ ನಮ್ಮ ತಂದೆಯವರು ಪಟ್ಟ ಕಷ್ಟವೆಲ್ಲ ನೆನಪಾಯಿತು. ಟಾಂಗಾ ನೋಡಿ ಬೆಳೆದವರ ಹಣೆಬರಹ ಇದು. ನಮ್ಮ ಕಣ್ಣಿನಲ್ಲಿ ಕುದುರೆ ಹುಟ್ಟುವಾಗಲೇ ಲಾಳ ಹಾಕಿಕೊಂಡು ಹುಟ್ಟುತ್ತದೆ. "ಹೌದಲ್ಲ" ಅಂದಳು ಅಕ್ಕ, ಬಹಳ ಸಣ್ಣ ದನಿಯಲ್ಲಿ.

ಅನು ಹುಲ್ಲಿನ ಮೇಲೆ ಕುಸಿದು ಕೂತು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ. ಮೇ ತಿಂಗಳಲ್ಲಿ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು, ಅದನ್ನು ನೋಡಿ ನಮಗೂ ನಗು ಬಂತು. "ಲಾಳ ಯಾಕೆ ಬೇಕಿತ್ತು?" ಎಂದು ನಗುವಿನ ನಡುವೆ ಕೇಳಿದಳು. ಅವಳು ಮಾತಾಡುವುದೆಲ್ಲ ಇಂಗ್ಲಿಷಿನಲ್ಲೇ, ನಾನು ಕನ್ನಡಕ್ಕೆ ಇಳಿಸಿಕೊಳ್ಳುತ್ತಿದ್ದೇನೆ.

"ನಿಂಗೇ ಕಣೇ. ಬಾಗಿಲಿಗೆ ಹೊಡೆದ್ರೆ ನಿನ್ನ ವೀಸಾ ಕಷ್ಟ ಕಳೆಯುತ್ತೆ ಅಂತ" ಅಂದಳು ಪದ್ಮಿನಿ.

ಅನುವಿನ ನಗು ನಿಂತಿತು. ಎದ್ದು ಪ್ಯಾಂಟಿನ ಹುಲ್ಲು ಕೊಡವಿಕೊಂಡಳು. ಆಮೇಲೆ ನಮ್ಮ ಕಡೆ ತಿರುಗದೆ ರೇಂಜರನ್ನೇ ಕೇಳಿದಳು, "ಈ ಕುದುರೆಗಳು ಇಲ್ಲಿಯವೇನಾ?"

ಆ ಹೆಂಗಸಿಗೆ ಈ ಪ್ರಶ್ನೆ ಎಂದರೆ ಇಷ್ಟವೆಂದು ಕಾಣುತ್ತದೆ, ಟೊಪ್ಪಿಗೆ ಹಿಂದಕ್ಕೆ ಸರಿಸಿ ಹೇಳಿದಳು. ಬಹಳ ಬಹಳ ಹಿಂದೆ ಕುದುರೆಯ ವಂಶ ಹುಟ್ಟಿದ್ದೇ ಈ ಖಂಡದಲ್ಲಂತೆ. ಆಮೇಲೆ ಇಲ್ಲಿ ಒಂದೂ ಉಳಿಯದೆ ಅಳಿದವು. ಸಾವಿರಾರು ವರ್ಷಗಳ ನಂತರ ಮನುಷ್ಯರ ಜೊತೆ ಹಡಗಿನಲ್ಲಿ ವಾಪಸು ಬಂದವು, ಕೆಲವು ತಪ್ಪಿಸಿಕೊಂಡು ಕಾಡು ಸೇರಿದವು. ಉದ್ಯಾನ ಮಾಡಿದಾಗ ಇವು ಇಲ್ಲಿಯವಲ್ಲವೆಂದು ಹೊರಗೆ ಹಾಕಿದರು. ಇನ್ನೂ ಕೆಲವು ಕಾಲ ಹೋದ ಮೇಲೆ ಇವು ಇಲ್ಲಿಯವೇ ಎಂದು ತಂದು ಬಿಟ್ಟರು.

"ಈಗ?"

"ಈಗ ಯಾವ ಆಫೀಸಿನವರನ್ನು ಕೇಳುತ್ತೀಯ ಎನ್ನುವುದರ ಮೇಲೆ" ಎಂದು ರೇಂಜರ್ ನಕ್ಕಳು. ನಾನೂ ನಕ್ಕೆ, ಆ ಆಫೀಸುಗಳು ನನಗೆ ಚೆನ್ನಾಗಿ ಗೊತ್ತು.

"ಮಂದೆ ದೊಡ್ಡದಾದರೆ?"

"ಕೆಲವನ್ನು ಹಿಡಿದು ಹೊರಗೆ ಕಳಿಸುತ್ತೇವೆ."

"ಯಾವುದನ್ನು?"

"ಪ್ರಾಯದವನ್ನು. ದೊಡ್ಡವು ಈ ಜಾಗಕ್ಕೆ ಒಗ್ಗಿಹೋಗಿರುತ್ತವೆ, ಅವನ್ನು ಹಾಗೇ ಬಿಡುತ್ತೇವೆ."

"ಅವು ಏನು ತಪ್ಪು ಮಾಡಿರುತ್ತವೆ?"

"ತಪ್ಪೇನಿಲ್ಲ ಮಗೂ. ವಯಸ್ಸಿಗೆ ಬಂದಿರುತ್ತವೆ, ಅಷ್ಟೇ."

ಆ ಹೆಂಗಸಿಗೆ ನಮ್ಮ ಸಂಗತಿ ಏನು ಗೊತ್ತು? ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಟೊಪ್ಪಿಗೆ ಸರಿಮಾಡಿಕೊಂಡು ಹೋದಳು. ಕಪ್ಪು ಕುದುರೆಯ ಪಕ್ಕದಲ್ಲಿದ್ದ ಪ್ರಾಯದ್ದು ಮೇಯುತ್ತಲೇ ಇತ್ತು. ಪದ್ಮಿನಿ ಸೆರಗಿಲ್ಲದಿದ್ದರೂ ಸೆರಗು ಹುಡುಕಿ, ಸಿಗದೆ, ಅಂಗೈಯಿಂದ ಮುಖ ಒರೆಸಿಕೊಂಡಳು. ಇಂಥ ಹೊತ್ತಿನಲ್ಲಿ ಏನಾದರೊಂದು ಕೊಂಕು ಮಾತಾಡಿ ಎಲ್ಲರನ್ನೂ ದಡ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಅವತ್ತು ಆ ಕೆಲಸ ಬಿಟ್ಟು ವ್ಯಾನಿನ ಕೀಲಿ ಹುಡುಕಿದೆ.

ವ್ಯಾನಿನ ಹಿಂಬಾಗಿಲು ತೆರೆದು ಕೂತು ಪುಳಿಯೋಗರೆ ತಿಂದೆವು. ಡಬ್ಬಿಯಲ್ಲಿ ಇನ್ನು ಏನೂ ಉಳಿಸುವ ಅಗತ್ಯವಿರಲಿಲ್ಲ. ಅರ್ಧ ಊಟದಲ್ಲಿ ಅನು ಹೇಳಿದಳು.

"ಅಪ್ಪಾ, ನಾನು ವಿಂಡ್ಸರ್‌ಗೆ ಅಪ್ಲೈ ಮಾಡಿದೀನಿ. ಮಾಸ್ಟರ್ಸ್. ಸಿಕ್ಕಿದೆ. ಸ್ಟಡಿ ಪರ್ಮಿಟ್ ಕೂಡ ಬಂತು."

ವಿಂಡ್ಸರ್ ಎಂದರೆ ಕೆನಡಾ. ಡೆಟ್ರಾಯಿಟ್ ನದಿಯ ಆಚೆ ದಡ.

"ಯಾವಾಗ ಮಾಡಿದಿ?"

"ಫಸ್ಟ್ ಇಯರ್‌ನಲ್ಲೇ ಪ್ಲ್ಯಾನ್ ಮಾಡಿದ್ದೆ. ಅದಕ್ಕೇ ಬೇಗ ಮುಗಿಸಿದ್ದು. ಟ್ವೆಂಟಿಒನ್ ಆಗೋ ಮುಂಚೆ ಡಿಗ್ರಿ ಕೈಲಿರಬೇಕಿತ್ತು."

ಹಲ್ಲಿನ ಡಾಕ್ಟರರ ಕುರ್ಚಿ ನೆನಪಾಯಿತು. ಮೂರು ವರ್ಷ ನನ್ನ ಮಗಳು ರಜೆ ಇಲ್ಲದೆ, ಬೇಸಿಗೆಯಲ್ಲೂ ಪಾಠ ತೆಗೆದುಕೊಂಡು, ಒಬ್ಬಳೇ ಓಡುತ್ತಿದ್ದಳು, ನಾನು ಅದನ್ನು ಬುದ್ಧಿ ಅಂದುಕೊಂಡು ಊರಿಗೆಲ್ಲ ಹಂಚಿದ್ದೆ.

"ನಮಗೆ ಯಾಕ ಹೇಳಲಿಲ್ಲ?"

"ಹೇಳಿದ್ರೆ ನೀವು ಏನಾದ್ರೂ ಮಾಡ್ತಿದ್ರಿ" ಅಂದಳು.

ಹೇಳದೆಯೇ ಮೂರು ರಾಜ್ಯ ದಾಟಿಸಿ ಕಾಡುಕುದುರೆಯ ಲಾಳ ಹುಡುಕಿದವರು, ಹೇಳಿದ್ದರೆ ಏನೆಲ್ಲ ಮಾಡುತ್ತಿದ್ದೆವೋ. ಅನು ಕೈ ಒರೆಸಿಕೊಂಡು ಮತ್ತೂ ಒಂದು ಮಾತು ಹೇಳಿದಳು. "ಅವರು ಬಂದು ಹೋಗು ಅನ್ನೋವರೆಗೆ ನಾನು ಇರಲ್ಲ ಅಪ್ಪಾ. ನಾನೇ ಹೋಗ್ತೀನಿ."

ನನಗೆ ಹೆದರಿಕೆಯಾಗಿತ್ತು. ವರ್ಷಗಳಿಂದ ಆಗುತ್ತಲೇ ಇತ್ತು, ಅದನ್ನು ನಾನು ತಮಾಷೆ ಮಾಡಿ ಮಾಡಿ ಮನೆಯಲ್ಲಿ ಯಾರಿಗೂ ಕಾಣದಂತೆ ಇಟ್ಟಿದ್ದೆ. ಅಂದು ವ್ಯಾನಿನ ಹಿಂಬಾಗಿಲಲ್ಲಿ ಕೂತು ಹಾಗೆ ಬಚ್ಚಿಡಲಾಗಲಿಲ್ಲ. ಅಕ್ಕ ಮೊದಲು ಸಾವರಿಸಿಕೊಂಡಳು. "ಹೋಗವಾ. ನಮ್ಮ ಮನಿಯಿಂದ ಒಂದು ತಾಸಿನ ದಾರಿ. ವಾರಾ ವಾರಾ ರೊಟ್ಟಿ ತರ್ತೀನಿ ನಾ" ಅಂದಳು. ಪದ್ಮಿನಿ ಅತ್ತುಕೊಂಡೇ, "ಪುಳಿಯೋಗರೆ ಗೊಜ್ಜೂ ತಗೊಂಡ್ಹೋಗಿ ಅಕ್ಕಾ" ಅಂದಳು. ಮೌನ ಯುದ್ಧದಲ್ಲಿ ಅದೊಂದು ಕದನ ವಿರಾಮ.

ಅಕ್ಕನಿಗೇನು, ಸಿಟಿಜನ್, ಬೇಕೆಂದಾಗ ಆ ನದಿಯ ಸೇತುವೆ ದಾಟುತ್ತಾಳೆ. ನಮ್ಮ ಪಾಸ್‌ಪೋರ್ಟಿನಲ್ಲಿಯ ವೀಸಾ ಮುದ್ರೆಯ ಅವಧಿ ಮುಗಿದು ಎಷ್ಟೋ ಕಾಲವಾಗಿದೆ, ಇಲ್ಲಿರಲು ಅದು ಬೇಕಿಲ್ಲ, ಹೊರಗೆ ಹೋಗಿ ಒಳಗೆ ಬರಲು ಬೇಕು. "ಸದ್ಯಕ್ಕೆ ಗಡಿ ದಾಟಬೇಡಿ, ವಾಪಸು ಬರುವಾಗ ಏನಾಗುತ್ತದೋ ನಾನು ಹೇಳಲಾರೆ" ಎಂದು ವಕೀಲರು ಹೇಳಿದರು. ಹೇಳಲಾರೆ ಎನ್ನುವುದಕ್ಕೂ ಅವರು ಗಂಟೆಗಿಷ್ಟು ಎಂದು ತೆಗೆದುಕೊಳ್ಳುತ್ತಾರೆ. ಹೀಗಾಗಿ ಮಗಳನ್ನು ಕಾಲೇಜಿಗೆ ಬಿಟ್ಟು ಬರುವ ಕೆಲಸ ಅತ್ತೆಯ ಪಾಲಿಗೆ ಹೋಯಿತು.

ಆಗಸ್ಟಿನ ಕೊನೆಯಲ್ಲಿ ನಾಲ್ಕೂ ಜನ ಡೆಟ್ರಾಯಿಟಿನವರೆಗೆ ಹೋದೆವು. ಸೇತುವೆಯ ಈಚೆಗೆ ಅಕ್ಕನ ಕಾರಿಗೆ ಸಾಮಾನು ಹಾಕಿದೆವು. ಅನು ಅಮ್ಮನನ್ನು ಬಹಳ ಹೊತ್ತು ತಬ್ಬಿಕೊಂಡಳು, ನನ್ನನ್ನು ತಬ್ಬಿಕೊಂಡು "ಜೋಕ್ ಮಾಡ್ಬೇಡ" ಎಂದು ಕಿವಿಯಲ್ಲಿ ಹೇಳಿದಳು. ಮಾಡಲಿಲ್ಲ. ಕಾರು ಸೇತುವೆಯ ಕಡೆಗೆ ತಿರುಗಿತು. ನಾವಿಬ್ಬರೂ ನದಿಯ ದಡದ ಕಟ್ಟೆಗೆ ಬಂದು ನಿಂತೆವು. ಕೆನಡಾ ಉತ್ತರದ ದೇಶ, ಆದರೆ ಅಲ್ಲಿ ನಿಂತರೆ ಅದಿರುವುದು ದಕ್ಷಿಣಕ್ಕೆ, ಭೂಪಟ ಮಾಡಿದವನಿಗೂ ನನ್ನಂಥದೇ ಸ್ವಭಾವವಿದ್ದಿರಬೇಕು. ಆಚೆ ದಡದ ಹುಲ್ಲುಹಾಸು, ಬೆಂಚು, ಅಡ್ಡಾಡುವ ಜನ ಎಲ್ಲ ಕಾಣುತ್ತದೆ, ಯಾರ ಮುಖವೂ ಕಾಣುವುದಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಂತು. "ಮುಟ್ಟಿದ್ವಿ. ಹೊಳೀ ದಂಡೀಗೆ ನಿಂತೀವಿ. ಕಾಣ್ತೀವೇನು? ಅನು ಕೈ ಮಾಡಾಕತ್ತಾಳ ನೋಡು."

"ಕಾಣ್ತೀರಿ" ಅಂದೆ.

"ಎಲ್ರೀ? ಯಾವುದ್ರೀ ಅನು?" ಅಂದಳು ಪದ್ಮಿನಿ, ಕಟ್ಟೆಯ ಕಂಬಿ ಹಿಡಿದು ಕಾಲ ತುದಿಯ ಮೇಲೆ ನಿಂತು.

"ಅಗೋ, ಕೈ ಬೀಸ್ತಾಳಲ್ಲ, ಅಕೀನ."

ಆಚೆ ದಡದಲ್ಲಿ ಐದಾರು ಜನ ಬೇರೆ ಬೇರೆ ಕಡೆ ನಿಂತು ಕೈ ಬೀಸುತ್ತಿದ್ದರು. ಪದ್ಮಿನಿ ಒಬ್ಬರನ್ನೂ ಬಿಡದೆ ಎಲ್ಲರಿಗೂ ಕೈ ಬೀಸಿದಳು.